ಇಲ್ಲ ಎಂದದ್ದು ಯಾರು? ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಮೊಬೈಲ್ ಬ್ರಾಡ್‌ಬ್ಯಾಂಡ್ ಕಾರ್ಡ್

ಲ್ಯಾಪ್‌ಟಾಪಿನ ಅಡಿ ಮುಚ್ಚಳ ತೆಗೆದರೆ ವೈ-ಫೈ ಕಾರ್ಡೂ ಮೊಬೈಲ್ ಬ್ರಾಡ್‌ಬ್ಯಾಂಡ್ ಕಾರ್ಡೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಎರಡೂ ಪುಟ್ಟ ಹಲಗೆಗಳು, ಎರಡಕ್ಕೂ ಸಣ್ಣ ಗುಂಡಿಯಂಥ ಕನೆಕ್ಟರ್‌ಗಳಿಗೆ ಸಿಕ್ಕಿಸಿದ ಆಂಟೆನಾ ತಂತಿಗಳು. ಹೋಲಿಕೆ ಅಲ್ಲಿಗೇ ಮುಗಿಯುತ್ತದೆ. ಮೊಬೈಲ್ ಕಾರ್ಡಿನೊಳಗೆ ಅದರದೇ ಪ್ರೊಸೆಸರ್, ಅದರದೇ ಮೆಮೊರಿ, ಅದರದೇ ಫರ್ಮ್‌ವೇರ್ (ಒಳಗೇ ಬರೆದಿಟ್ಟ ಸಾಫ್ಟ್‌ವೇರ್) ಇವೆ. ಸಿಮ್ ಓದುವುದು, ಟವರ್ ಹುಡುಕುವುದು, ಒಂದು ಟವರ್‌ನಿಂದ ಇನ್ನೊಂದಕ್ಕೆ ಜಾರುವುದು ಎಲ್ಲವನ್ನೂ ಅದು ತಾನೇ ನಿರ್ಧರಿಸುತ್ತದೆ. ನಿಜ ಹೇಳಬೇಕೆಂದರೆ ಅದು ಲ್ಯಾಪ್‌ಟಾಪಿನೊಳಗೆ ಕೂತಿರುವ ಇನ್ನೊಂದು ಕಂಪ್ಯೂಟರ್. ಲಿನಕ್ಸ್ ಅದನ್ನು ನಡೆಸುವುದಿಲ್ಲ, ಅದರೊಡನೆ ಮಾತಾಡುತ್ತದೆ ಅಷ್ಟೇ.

ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳದೆ ಕೆಲಸಕ್ಕೆ ಕೂತವರು ದಿನಗಟ್ಟಲೆ ಸುತ್ತುತ್ತಾರೆ. ‘ಕಾರ್ಡ್ ಕೆಲಸ ಮಾಡುತ್ತಿಲ್ಲ’ ಎನ್ನುವುದು ಒಂದೇ ದೂರಲ್ಲ. ಲ್ಯಾಪ್‌ಟಾಪನ್ನು ಮೊದಲು ಎಬ್ಬಿಸುವ ಬಯೋಸ್ ಬೇಡ ಎಂದಿರಬಹುದು, ಬೋರ್ಡಿನ ಒಂದು ಪಿನ್ ರೇಡಿಯೊವನ್ನು ತಡೆದಿರಬಹುದು, ಕಾರ್ಡಿನ ಫರ್ಮ್‌ವೇರ್ ಬೀಗ ಹಾಕಿಕೊಂಡಿರಬಹುದು, ಸಿಮ್ ತನ್ನ ಗುಪ್ತ ಸಂಖ್ಯೆ (ಪಿನ್) ಕೇಳುತ್ತಿರಬಹುದು, ನೆಟ್‌ವರ್ಕ್ ಬಾಗಿಲಲ್ಲೇ ತಿರುಗಿಸಿ ಕಳಿಸಿರಬಹುದು. ಹೊರಗಿನಿಂದ ಎಲ್ಲವೂ ಒಂದೇ ಥರ ಕಾಣುತ್ತವೆ: ಮೂಲೆಯಲ್ಲಿ ಸಿಗ್ನಲ್ ಚಿಹ್ನೆ ಇಲ್ಲ. ಆಗ ಡ್ರೈವರ್ ಹುಡುಕುವುದು, ಡಿಸ್ಟ್ರೊ (ಉಬುಂಟುವಿನಂಥ ಲಿನಕ್ಸ್ ಕಟ್ಟು) ಬದಲಿಸುವುದು ಶುರುವಾಗುತ್ತದೆ. ಬಹಳಷ್ಟು ಸಲ ಲಿನಕ್ಸ್ ಒಂದೇ ಈ ಸಾಲಿನಲ್ಲಿ ‘ಇಲ್ಲ’ ಎನ್ನದೆ ನಿಂತಿರುತ್ತದೆ. ಹಾಗಾಗಿ ಮಾಡಬೇಕಾದ ಕೆಲಸ ಒಂದೇ. ಕೆಳಗಿನಿಂದ ಮೇಲಕ್ಕೆ ಒಬ್ಬೊಬ್ಬರನ್ನೇ ಕೇಳುತ್ತ ಹೋಗಿ, ಇಲ್ಲ ಎಂದವರು ಸಿಕ್ಕ ಕಡೆ ನಿಲ್ಲಬೇಕು. ಕೆಳಗಿನ ಮೆಟ್ಟಿಲು ಗಟ್ಟಿಯಾಗುವ ತನಕ ಮೇಲಿನದನ್ನು ಮುಟ್ಟಬಾರದು.

ಮೊದಲು ಹಾರ್ಡ್‌ವೇರ್. ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಮಿನಿ ಪಿಸಿಐಇ ಸ್ಲಾಟ್ ಇರುತ್ತದೆ, ಈಗಿನವುಗಳಲ್ಲಿ ಎಂ.2, ಅದರಲ್ಲೂ ಕೀ-ಬಿ ಎಂಬ ಕಚ್ಚು ಇರುವ ಸ್ಲಾಟ್. 4ಜಿ ಕಾರ್ಡ್‌ಗಳು ಸಾಮಾನ್ಯವಾಗಿ 30 ಮಿ.ಮೀ. ಅಗಲ, 42 ಮಿ.ಮೀ. ಉದ್ದ, 5ಜಿ ಕಾರ್ಡ್‌ಗಳು 52 ಮಿ.ಮೀ. ಉದ್ದ. ಕಾರ್ಡು ಸ್ಲಾಟಿಗೆ ಕೂತಿತು ಎಂದ ಮಾತ್ರಕ್ಕೆ ಹೊಂದಿತು ಎಂದಲ್ಲ. ಒಂದೇ ಆಕಾರದ ಸ್ಲಾಟಿನಲ್ಲಿ ಕೆಲವು ಬೋರ್ಡ್‌ಗಳು ಯುಎಸ್‌ಬಿ ತಂತಿಗಳನ್ನಷ್ಟೇ ಎಳೆದಿರುತ್ತವೆ, ಕೆಲವು ಪಿಸಿಐಇ ಮಾತ್ರ, ಕೆಲವು ಎರಡನ್ನೂ. ಪಿಸಿಐಇ ಮೂಲಕವೇ ಮಾತಾಡುವ ಕಾರ್ಡನ್ನು ಬರೀ ಯುಎಸ್‌ಬಿ ಇರುವ ಸ್ಲಾಟಿಗೆ ಹಾಕಿದರೆ ಜಪ್ಪಯ್ಯ ಅಂದರೂ ಅದು ಕಾಣಿಸದು. ಕೊಳ್ಳುವ ಮುಂಚೆ ಲ್ಯಾಪ್‌ಟಾಪಿನ ಸರ್ವಿಸ್ ಕೈಪಿಡಿಯಲ್ಲಿ ಆ ಮಾದರಿಗೆ ಯಾವ ಯಾವ ಕಾರ್ಡ್ ಕೊಡುತ್ತಿದ್ದರು ಎಂದು ನೋಡುವುದು ಎಲ್ಲಕ್ಕಿಂತ ಒಳ್ಳೆಯ ದಾರಿ. ಮಾರುವಾಗ ಮೊಬೈಲ್ ಕಾರ್ಡ್ ಇಲ್ಲದ ಮಾದರಿಗಳಲ್ಲಿ ಆಂಟೆನಾ ತಂತಿಗಳನ್ನೇ ಹಾಕದೆ ಬಿಟ್ಟಿರುವುದುಂಟು. ಸಿಮ್ ತಟ್ಟೆಯ ಜಾಗದಲ್ಲಿ ಪ್ಲಾಸ್ಟಿಕ್ ಮುಚ್ಚಳ ಮಾತ್ರ ಇರುವುದೂ ಉಂಟು. ಆಂಟೆನಾ ಇಲ್ಲದ ಕಾರ್ಡು ಸಿಸ್ಟಮ್‌ಗೆ ಚೆನ್ನಾಗಿಯೇ ಕಾಣಿಸುತ್ತದೆ, ಸಿಮ್ ಓದುತ್ತದೆ, ಆಮೇಲೆ ಟವರ್ ಹುಡುಕುತ್ತಲೇ ಉಳಿಯುತ್ತದೆ. ಈ ಲಕ್ಷಣ ಕಂಡರೆ ಸಾಫ್ಟ್‌ವೇರ್ ಬಿಟ್ಟು ಸ್ಕ್ರೂಡ್ರೈವರ್ ಹಿಡಿಯಬೇಕು.

ಆಂಟೆನಾ ಕನೆಕ್ಟರ್ ಬಗ್ಗೆ ಒಂದು ಎಚ್ಚರಿಕೆ. ಮಿನಿ ಪಿಸಿಐಇ ಕಾರ್ಡಿನ ಯು.ಎಫ್‌ಎಲ್ ಕನೆಕ್ಟರಿಗೂ ಎಂ.2 ಕಾರ್ಡಿನ ಎಂಎಚ್‌ಎಫ್4 ಕನೆಕ್ಟರಿಗೂ ಅಳತೆ ಬೇರೆ. ಒತ್ತಿದರೆ ಕೂರುತ್ತದೆ ಎಂದು ಒತ್ತಿದರೆ ಕಾರ್ಡಿನ ಕಡೆಯ ಗುಂಡಿಯೇ ಕಿತ್ತು ಬರುತ್ತದೆ. ಸರಿಯಾದ ಜೋಡಿಯೂ ಕೆಲವು ಹತ್ತು ಸಲ ತೆಗೆದು ಹಾಕುವುದಕ್ಕಷ್ಟೇ ತಾಳುತ್ತದೆ. 4ಜಿ ಕಾರ್ಡಿನಲ್ಲಿ ಸಾಮಾನ್ಯವಾಗಿ ಎರಡು ತಂತಿ, ಮುಖ್ಯ ಮತ್ತು ಸಹಾಯಕ. ಮುಖ್ಯವನ್ನು ಸರಿಯಾದ ಗುಂಡಿಗೇ ಹಾಕಬೇಕು, ಏಕೆಂದರೆ ಕಾರ್ಡು ಪ್ರಸಾರ ಮಾಡುವುದು ಅದರಿಂದ. ಅದಲು ಬದಲಾದರೆ ಸಿಗ್ನಲ್ ಕಾಣಿಸುತ್ತಿದ್ದರೂ ಅಪ್‌ಲೋಡ್ ಸೊರಗಬಹುದು. 5ಜಿ ಕಾರ್ಡುಗಳಿಗೆ ಸಾಮಾನ್ಯವಾಗಿ ನಾಲ್ಕು ತಂತಿ ಬೇಕು.

ಬಯೋಸ್ ಹೇಳುವ ‘ಇಲ್ಲ’ ಎರಡು ಬಗೆಯದು. ಮೊದಲನೆಯದು ಜೋರಾಗಿ ಹೇಳುವಂಥದ್ದು. ಕೆಲವು ತಯಾರಕರು ತಾವು ಒಪ್ಪಿದ ಕಾರ್ಡುಗಳ ಪಟ್ಟಿಯನ್ನು ಬಯೋಸ್‌ನಲ್ಲೇ ಇಟ್ಟಿರುತ್ತಾರೆ. ಪಟ್ಟಿಯಲ್ಲಿಲ್ಲದ ಕಾರ್ಡು ಕಂಡರೆ ಯಂತ್ರ ಬೂಟ್ ಆಗುವುದೇ ಇಲ್ಲ. ಹಳೆಯ ಥಿಂಕ್‌ಪ್ಯಾಡ್‌ಗಳಲ್ಲಿ ಬರುತ್ತಿದ್ದ 1802 ಸಂಖ್ಯೆಯ ದೋಷ ಇದೇ. ಎರಡನೆಯದು ಸದ್ದಿಲ್ಲದ್ದು. ಬಯೋಸ್‌ನಲ್ಲಿ ಡಬ್ಲ್ಯುವ್ಯಾನ್ (ಮೊಬೈಲ್ ನೆಟ್‌ವರ್ಕ್) ಎಂಬ ಹೆಸರಿನ ಒಂದು ಆಯ್ಕೆ ಇರುತ್ತದೆ, ಅದು ಆಫ್ ಆಗಿರುತ್ತದೆ. ಇನ್ನೂ ಸೂಕ್ಷ್ಮವಾದದ್ದು, ನೆಟ್‌ವರ್ಕ್ ಕೇಬಲ್ ಹಾಕಿದೊಡನೆ ರೇಡಿಯೊಗಳನ್ನು ತಾನಾಗಿ ಆಫ್ ಮಾಡುವ ಆಯ್ಕೆ. ಮೇಜಿನ ಮೇಲೆ ಕೇಬಲ್ ಹಾಕಿಕೊಂಡು ಮೋಡೆಮ್ (ಮೊಬೈಲ್ ಕಾರ್ಡಿಗೆ ಇನ್ನೊಂದು ಹೆಸರು) ಸರಿಪಡಿಸಲು ಕೂತವರನ್ನು ಇದು ಚೆನ್ನಾಗಿ ದಾರಿ ತಪ್ಪಿಸುತ್ತದೆ.

ಲಿನಕ್ಸ್‌ಗೆ ಬಂದಮೇಲೆ ಮೊದಲ ಪ್ರಶ್ನೆ: ಕಾರ್ಡು ಬಸ್ (ಬೋರ್ಡಿಗೂ ಕಾರ್ಡಿಗೂ ನಡುವಿನ ಡೇಟಾ ಹಾದಿ) ಮೇಲೆ ಕಾಣುತ್ತದೆಯೇ? ಯುಎಸ್‌ಬಿ ಕಾರ್ಡಾದರೆ ಎಲ್‌ಎಸ್‌ಯುಎಸ್‌ಬಿ, ಪಿಸಿಐಇ ಕಾರ್ಡಾದರೆ ಎಲ್‌ಎಸ್‌ಪಿಸಿಐ ಎಂಬ ಆಜ್ಞೆಯಿಂದ ನೋಡಬೇಕು. ಅಲ್ಲೇ ಇಲ್ಲವೆಂದರೆ ಮುಂದಿನ ಯಾವ ಆಜ್ಞೆಯಿಂದಲೂ ಪ್ರಯೋಜನವಿಲ್ಲ, ಮತ್ತೆ ಹಾರ್ಡ್‌ವೇರಿಗೇ ಹೋಗಬೇಕು. ಕಂಡರೆ ರೇಡಿಯೊಗಳಿಗಿರುವ ತಡೆ ತೋರಿಸುವ ಆರ್‌ಎಫ್‌ಕಿಲ್ ಲಿಸ್ಟ್ ಎಂಬ ಆಜ್ಞೆ. ಅದರಲ್ಲಿ ‘ಸಾಫ್ಟ್ ಬ್ಲಾಕ್’ ಎಂದಿದ್ದರೆ ಆರ್‌ಎಫ್‌ಕಿಲ್ ಅನ್‌ಬ್ಲಾಕ್ ಡಬ್ಲ್ಯುವ್ಯಾನ್ ಎಂದರೆ ಸಾಕು. ‘ಹಾರ್ಡ್ ಬ್ಲಾಕ್’ ಎಂದಿದ್ದರೆ ಆಜ್ಞೆಗಳಿಂದ ತೆರೆಯುವುದಿಲ್ಲ. ಪಕ್ಕದ ಸ್ವಿಚ್, ಫಂಕ್ಷನ್ ಕೀ ಅಥವಾ ಬಯೋಸ್ ನೋಡಬೇಕು. ಮಿನಿ ಪಿಸಿಐಇ ಸ್ಲಾಟಿನಲ್ಲಿ 20ನೇ ಪಿನ್ನು ರೇಡಿಯೊ ಆಫ್ ಮಾಡುವ ಪಿನ್ನು. ಬೋರ್ಡು ಅದನ್ನು ಕೆಳಮಟ್ಟದಲ್ಲಿ ಹಿಡಿದಿದ್ದರೆ ಕಾರ್ಡು ಎಂದಿಗೂ ಪ್ರಸಾರ ಮಾಡದು, ಅದಕ್ಕೇ ಕೆಲವರು ಆ ಒಂದು ಪಿನ್ನಿನ ಮೇಲೆ ತೆಳುವಾದ ಶಾಖನಿರೋಧಕ ಟೇಪ್ ಅಂಟಿಸುತ್ತಾರೆ. ಎಂ.2 ಕೀ-ಬಿಯಲ್ಲಿ ಅದೇ ಕೆಲಸ 8ನೇ ಪಿನ್ನಿನದು. 6ನೇ ಪಿನ್ನು ಇಡೀ ಕಾರ್ಡಿನ ವಿದ್ಯುತ್ತನ್ನೇ ಆಳುತ್ತದೆ.

ಹೊರಗಿನಿಂದ ಸಿಕ್ಕಿಸುವ ಡಾಂಗಲ್‌ಗಳಿಗೆ ಇನ್ನೊಂದು ವೇಷವಿದೆ. ವಿಂಡೋಸ್ ಡ್ರೈವರನ್ನು ತಮ್ಮೊಳಗೇ ಹೊತ್ತು ತರುವುದಕ್ಕಾಗಿ ಅವು ಮೊದಲು ಸಿಡಿ ಡ್ರೈವಿನಂತೆ ಕಾಣಿಸಿಕೊಳ್ಳುತ್ತವೆ. ಹುವಾವೇ ಡಾಂಗಲ್ ಒಂದು 12ಡಿ1:1446 ಎಂಬ ಗುರುತಿನೊಂದಿಗೆ ಬಂದರೆ ಅದಿನ್ನೂ ಸಿಡಿ ವೇಷದಲ್ಲಿದೆ. ವೇಷ ಕಳಚಿದಾಗ ಗುರುತು 12ಡಿ1:1001ರಂಥ ಬೇರೊಂದು ಸಂಖ್ಯೆ ಆಗುತ್ತದೆ. ಕಳಚುವ ಕೆಲಸ ಯುಎಸ್‌ಬಿ-ಮೋಡ್‌ಸ್ವಿಚ್ ಎಂಬ ಪ್ಯಾಕೇಜಿನದು. ಅದು ಅನುಸ್ಥಾಪನೆಯಾಗಿದ್ದರೆ ಎಲ್ಲವೂ ತಾನಾಗಿ ನಡೆಯುತ್ತದೆ. ಕೆಲವು ಕನಿಷ್ಠ ಡಿಸ್ಟ್ರೊಗಳಲ್ಲಿ ಅದು ಇರುವುದಿಲ್ಲ. ಡಾಂಗಲ್ ನಡುನಡುವೆ ಕಳಚಿಕೊಂಡು ಮತ್ತೆ ಬರುತ್ತಿದ್ದರೆ ವಿದ್ಯುತ್ ಸಾಲದು ಎಂದು ಅನುಮಾನಿಸಿ. ಯುಎಸ್‌ಬಿ 2.0 ಪೋರ್ಟು 500 ಮಿಲಿಆಂಪಿಯರ್ ಕೊಡುತ್ತದೆ. 2ಜಿ ಪ್ರಸಾರದ ಹೊತ್ತಿನಲ್ಲಿ ರೇಡಿಯೊ ಕ್ಷಣಮಾತ್ರ 2 ಆಂಪಿಯರ್‌ವರೆಗೆ ಎಳೆಯಬಲ್ಲದು. ಸ್ವಂತ ವಿದ್ಯುತ್ ಇಲ್ಲದ ಯುಎಸ್‌ಬಿ ಹಬ್‌ಗೆ, ಉದ್ದನೆಯ ತೆಳು ಕೇಬಲಿಗೆ ಸಿಕ್ಕಿಸಬೇಡಿ.

ಮುಂದಿನದು ಭಾಷೆಯ ಪ್ರಶ್ನೆ. ಮೋಡೆಮ್‌ಗಳು ಮೂರು ಭಾಷೆ ಆಡುತ್ತವೆ. ಎಟಿ ಎಂಬುದು 1980ರ ದಶಕದ ಟೆಲಿಫೋನ್ ಮೋಡೆಮ್‌ಗಳಿಂದ ಬಂದದ್ದು. ಕ್ಯುಎಂಐ ಎಂಬುದು ಚಿಪ್ ಕಂಪನಿ ಕ್ವಾಲ್‌ಕಾಮ್‌ನದು. ಎಂಬಿಐಎಂ ಎಂಬುದು ಯುಎಸ್‌ಬಿ ಮಾನಕ ರೂಪಿಸುವ ಸಂಘದ್ದು. ಕ್ಯುಎಂಐ ಡ್ರೈವರ್ ಲಿನಕ್ಸ್‌ನ ತಿರುಳಾದ ಕರ್ನೆಲಿನ 2012ರ 3.4 ಆವೃತ್ತಿಗೆ ಸೇರಿತು, ಎಂಬಿಐಎಂನದು 2013ರ 3.8ಕ್ಕೆ, ಎರಡರ ಹಿಂದೆಯೂ ಬ್ಯೋರ್ನ್ ಮೋರ್ಕ್ ಅವರ ದುಡಿಮೆ ಇದೆ. ಪಿಸಿಐಇ ಮೋಡೆಮ್‌ಗಳಿಗೆ ಸಾಮಾನ್ಯ ಚೌಕಟ್ಟು ಬಂದದ್ದು 2021ರ 5.13ರಲ್ಲಿ, ಇಂಟೆಲ್‌ನ ಐಒಎಸ್‌ಎಂ ಡ್ರೈವರ್ 5.14ರಲ್ಲಿ, ಮೀಡಿಯಾಟೆಕ್‌ನ ಟಿ7ಎಕ್ಸ್‌ಎಕ್ಸ್ 2022ರ 5.19ರಲ್ಲಿ. ಹೊಸ ಪಿಸಿಐಇ ಕಾರ್ಡು ಹಳೆಯ ಕರ್ನೆಲಿನಲ್ಲಿ ಕಾಣದಿದ್ದರೆ ಬೇರೇನೂ ಹುಡುಕದೆ ಕರ್ನೆಲ್ ಆವೃತ್ತಿ ನೋಡಿ.

ಎಲ್‌ಎಸ್‌ಯುಎಸ್‌ಬಿಗೆ ‘ಟಿ’ ಆಯ್ಕೆ ಕೊಟ್ಟರೆ ಕಾರ್ಡಿನ ಒಂದೊಂದು ಇಂಟರ್‌ಫೇಸನ್ನು ಯಾವ ಡ್ರೈವರ್ ಹಿಡಿದಿದೆ ಎಂದು ಸಾಲು ಸಾಲಾಗಿ ತೋರಿಸುತ್ತದೆ. ಸಿಡಿಸಿ-ಎಂಬಿಐಎಂ ಅಥವಾ ಕ್ಯುಎಂಐ-ಡಬ್ಲ್ಯುವ್ಯಾನ್ ಹೆಸರು ಕಂಡರೆ ಡ್ರೈವರಿನ ಕಥೆ ಅಲ್ಲಿಗೆ ಮುಗಿದ ಹಾಗೆ. ‘ಆಪ್ಶನ್’ ಎಂಬ ಸೀರಿಯಲ್ ಡ್ರೈವರ್ ಮಾತ್ರ ಕಂಡರೆ ಕಾರ್ಡು ಎಟಿ ಭಾಷೆಯನ್ನಷ್ಟೇ ತೆರೆದಿಟ್ಟಿದೆ. ಕಾರ್ಡಿನ ಯುಎಸ್‌ಬಿ ಮೋಡ್ ಬದಲಿಸಬೇಕಾಗಬಹುದು. ಕ್ವೆಕ್ಟೆಲ್ ಕಂಪನಿಯ, ಕ್ವಾಲ್‌ಕಾಮ್ ಚಿಪ್ಪಿನ ಅನೇಕ ಕಾರ್ಡುಗಳಲ್ಲಿ ಕ್ಯುಸಿಎಫ್‌ಜಿ ಎಂಬ ಎಟಿ ಆಜ್ಞೆಯ ‘ಯುಎಸ್‌ಬಿನೆಟ್’ ಬೆಲೆ 0 ಇದ್ದರೆ ಕ್ಯುಎಂಐ, 2 ಇದ್ದರೆ ಎಂಬಿಐಎಂ. ಎರಡರಲ್ಲಿ ಯಾವುದು ಎಂದರೆ, ಕಾರ್ಡು ಎಂಬಿಐಎಂನಲ್ಲಿ ಬಂದಿದ್ದರೆ ಹಾಗೇ ಬಿಡುವುದು ಲೇಸು. ಕ್ಯುಎಂಐನಲ್ಲಿ ಹೆಚ್ಚು ವಿವರ ಸಿಗುತ್ತದೆ ನಿಜ, ಆದರೆ ಅದಕ್ಕೊಂದು ಗುಪ್ತ ಕೊಕ್ಕೆ ಇದೆ. ಈಚಿನ ಕ್ವಾಲ್‌ಕಾಮ್ ಚಿಪ್ಪುಗಳು ಈಥರ್ನೆಟ್ ತಲೆಬರಹವಿಲ್ಲದ ಬರೀ ಐಪಿ ಪ್ಯಾಕೆಟ್‌ಗಳನ್ನಷ್ಟೇ ಒಪ್ಪುತ್ತವೆ. ಕರ್ನೆಲ್ ಕಡೆಯಲ್ಲಿ ರಾ-ಐಪಿ ಎಂಬ ಗುರುತು ‘ವೈ’ ಆಗಿರದಿದ್ದರೆ ಸಂಪರ್ಕವಾಯಿತು ಎನ್ನುತ್ತದೆ, ಐಪಿ ವಿಳಾಸವೂ ಬರುತ್ತದೆ, ಒಂದು ಪ್ಯಾಕೆಟ್ಟೂ ಹೋಗುವುದಿಲ್ಲ. ಲಿನಕ್ಸ್‌ನಲ್ಲಿ ಮೋಡೆಮ್‌ಗಳನ್ನು ನೋಡಿಕೊಳ್ಳುವ ಮೋಡೆಮ್‌ಮ್ಯಾನೇಜರ್ ಎಂಬ ಪ್ರೋಗ್ರಾಂ ಇದನ್ನು ತಾನೇ ಸರಿಯಾಗಿ ಇಡುತ್ತದೆ. ಕೈಯಾರೆ ಸ್ಕ್ರಿಪ್ಟ್ ಬರೆದವರೇ ಇಲ್ಲಿ ಎಡವುವುದು.

ಹಳೆಯ ಮಾರ್ಗದರ್ಶಿಗಳು ಡಬ್ಲ್ಯುವಿಡಯಲ್ ಎಂಬ ಡಯಲ್ ಮಾಡುವ ಪ್ರೋಗ್ರಾಂ ಹಾಕಿ, ಪಿಪಿಪಿ ಎಂಬ ಹಳೆಯ ಸಂಪರ್ಕ ವಿಧಾನ ಬಳಸಿ, ಮೋಡೆಮ್‌ಮ್ಯಾನೇಜರನ್ನು ಕಿತ್ತೊಗೆಯಿರಿ ಎನ್ನುತ್ತವೆ. 3ಜಿ ಡಾಂಗಲ್‌ಗಳ ಕಾಲಕ್ಕೆ ಆ ಮಾತಿಗೆ ಅರ್ಥವಿತ್ತು. ಇಂದಿನ ಕಾರ್ಡಿಗೆ ಅದನ್ನು ಮಾಡಿದರೆ ವೇಗದ ಡೇಟಾ ದಾರಿಯನ್ನು ಬಿಟ್ಟು ಸೀರಿಯಲ್ ಪೋರ್ಟಿನ ಕಿರಿದಾದ ಸಂದಿಯಲ್ಲಿ ನುಸುಳಿದ ಹಾಗೆ. ಮೋಡೆಮ್‌ಮ್ಯಾನೇಜರ್ ಮತ್ತು ಅದರ ಕೆಳಗಿನ ಲಿಬ್‌ಕ್ಯುಎಂಐ, ಲಿಬ್‌ಎಂಬಿಐಎಂ ಲೈಬ್ರರಿಗಳು ಅಲೆಕ್ಸಾಂಡರ್ ಮೋರ್ಗಾಡೊ ಮತ್ತಿತರರು ವರ್ಷಗಟ್ಟಲೆ ಒಂದೊಂದು ಕಾರ್ಡಿನ ಸೊಟ್ಟವನ್ನೂ ತಿದ್ದುತ್ತ ಕಟ್ಟಿದವು. ಅವನ್ನು ಕಿತ್ತೊಗೆದರೆ ಆ ತಿಳಿವಳಿಕೆಯೂ ಹೊರಗೆ ಹೋಗುತ್ತದೆ.

ಮೋಡೆಮ್‌ಮ್ಯಾನೇಜರಿನ ಎಂಎಂಸಿಎಲ್‌ಐ ಎಂಬ ಆಜ್ಞೆಗೆ ದೊಡ್ಡಕ್ಷರದ ‘ಎಲ್’ ಕೊಟ್ಟರೆ ಮೋಡೆಮ್‌ಗಳ ಪಟ್ಟಿ ಬರುತ್ತದೆ. ‘ಎಂ’ ಆಯ್ಕೆಯೊಂದಿಗೆ ‘ಎನಿ’ ಎಂದರೆ ಇರುವ ಮೋಡೆಮ್‌ನ ಪೂರ್ತಿ ಜಾತಕ. ಅದರಲ್ಲಿ ‘ಸ್ಟೇಟ್’ ಎಂಬ ಸಾಲೇ ನಮಗೆ ಬೇಕಾದದ್ದು. ‘ಫೇಲ್ಡ್’ ಎಂದು, ಕಾರಣ ‘ಸಿಮ್-ಮಿಸ್ಸಿಂಗ್’ ಎಂದಿದ್ದರೆ ಸಿಮ್ ತಿರುಗಾಮುರುಗಾ ಆಗಿದೆಯೇ, ಮೈಕ್ರೊ ಜಾಗದಲ್ಲಿ ನ್ಯಾನೊ ಜಾರಿದೆಯೇ ನೋಡಿ, ಯಂತ್ರವನ್ನು ಪೂರ್ತಿ ಆರಿಸಿ ಮತ್ತೆ ಹೊತ್ತಿಸಿ. ಸಿಮ್ ಹಾಕಿದ್ದನ್ನು ತಿಳಿಸುವ ತಂತಿ ಇಲ್ಲದ ಬೋರ್ಡುಗಳಲ್ಲಿ, ಯಂತ್ರ ನಡೆಯುತ್ತಿರುವಾಗ ಹಾಕಿದ ಸಿಮ್ ಇದೆಯೆಂದು ಮೊಬೈಲ್ ಕಾರ್ಡಿಗೆ ಗೊತ್ತೇ ಆಗುವುದಿಲ್ಲ. ಇ-ಸಿಮ್ ಕೂಡ ಇರುವ ಕಾರ್ಡುಗಳಲ್ಲಿ ಇನ್ನೊಂದು ಕಾರಣ ಸಾಮಾನ್ಯ: ಖಾಲಿ ಇ-ಸಿಮ್ ಸ್ಲಾಟೇ ಮುಖ್ಯವಾಗಿ ಆಯ್ಕೆಯಾಗಿರುತ್ತದೆ, ಕೈಯಲ್ಲಿ ಹಾಕಿದ ಸಿಮ್ ಪಕ್ಕದಲ್ಲಿ ಸುಮ್ಮನೆ ಕೂತಿರುತ್ತದೆ. ‘ಸೆಟ್-ಪ್ರೈಮರಿ-ಸಿಮ್-ಸ್ಲಾಟ್’ ಆಯ್ಕೆಗೆ ಸ್ಲಾಟಿನ ಸಂಖ್ಯೆ ಕೊಟ್ಟರೆ ಸರಿಹೋಗುತ್ತದೆ. ‘ಲಾಕ್ಡ್’ ಎಂದಿದ್ದರೆ ಸಿಮ್ ಪಿನ್ ಕೇಳುತ್ತಿದೆ. ಮೂರು ಸಲ ತಪ್ಪಿದರೆ ಪಿಯುಕೆ ಎಂಬ ಬೀಗ ಬಿಡಿಸುವ ಸಂಖ್ಯೆ ಬೇಕು, ಪಿಯುಕೆ ಹತ್ತು ಸಲ ತಪ್ಪಿದರೆ ಸಿಮ್ ಹೋದ ಹಾಗೆಯೇ. ತಪ್ಪು ಪಿನ್ ಉಳಿಸಿಕೊಂಡ ನೆಟ್‌ವರ್ಕ್‌ಮ್ಯಾನೇಜರ್ (ಲಿನಕ್ಸ್‌ನಲ್ಲಿ ಸಂಪರ್ಕಗಳನ್ನು ನಡೆಸುವ ಪ್ರೋಗ್ರಾಂ) ಪ್ರೊಫೈಲ್ ಈ ಮೂರು ಅವಕಾಶಗಳನ್ನು ತಾನೇ ತಿಂದುಹಾಕಬಲ್ಲದು. ಸಿಮ್ಮನ್ನು ಫೋನಿಗೆ ಹಾಕಿ ಪಿನ್ ತೆಗೆದುಬಿಡುವುದು ಪ್ರಯೋಗದ ಹಂತದಲ್ಲಿ ಕ್ಷೇಮ.

ಈಗ ಎಲ್ಲಕ್ಕಿಂತ ಹೆಚ್ಚು ಜನ ಸಿಕ್ಕಿಬೀಳುವ ಜಾಗ. ಮೋಡೆಮ್ ಕಾಣುತ್ತದೆ, ಸಿಮ್ ಕಾಣುತ್ತದೆ, ಸ್ಟೇಟ್ ‘ಡಿಸೇಬಲ್ಡ್’ ಎಂದಿರುತ್ತದೆ, ಪವರ್ ಸ್ಟೇಟ್ ‘ಲೋ’ ಎಂದಿರುತ್ತದೆ. ಎನೇಬಲ್ ಮಾಡಿದರೆ ‘ಇನ್‌ವ್ಯಾಲಿಡ್ ಟ್ರಾನ್ಸಿಶನ್’ ಎಂಬಂಥ ದೋಷ ಬಂದು ಮತ್ತೆ ಅಲ್ಲಿಗೇ ಬೀಳುತ್ತದೆ. ಇದು ಎಫ್‌ಸಿಸಿ ಬೀಗ; ಎಫ್‌ಸಿಸಿ ಎಂದರೆ ಅಮೆರಿಕದ ರೇಡಿಯೊ ನಿಯಂತ್ರಣ ಸಂಸ್ಥೆ. ಮನುಷ್ಯನ ದೇಹಕ್ಕೆ ತಾಗುವ ರೇಡಿಯೊ ಶಕ್ತಿಯ ಮಿತಿಯನ್ನು ಅಳೆಯುವುದು ಒಂದು ನಿರ್ದಿಷ್ಟ ಲ್ಯಾಪ್‌ಟಾಪಿನ ನಿರ್ದಿಷ್ಟ ಆಂಟೆನಾಗಳ ಜೊತೆಗೆ. ಆ ಕಾರ್ಡು ಆ ಲ್ಯಾಪ್‌ಟಾಪಿನಲ್ಲೇ ಇದೆ ಎಂದು ಯಾರಾದರೂ ಹೇಳುವ ತನಕ ರೇಡಿಯೊ ತೆರೆಯದಂತೆ ತಯಾರಕರು ಫರ್ಮ್‌ವೇರಿನಲ್ಲಿ ಬೀಗ ಹಾಕುತ್ತಾರೆ. ನಿಯಮದ ಹೆಸರು ಅಮೆರಿಕದ್ದು, ಆದರೆ ಬೀಗ ಕಾರ್ಡಿನೊಳಗೇ ಇರುವುದರಿಂದ ಎಲ್ಲಿ ಹೋದರೂ ಜೊತೆಗೆ ಬರುತ್ತದೆ. ವಿಂಡೋಸ್‌ನಲ್ಲಿ ತಯಾರಕರ ಡ್ರೈವರ್ ಪ್ರತಿ ಸಲ ಸದ್ದಿಲ್ಲದೆ ಬೀಗ ತೆಗೆಯುತ್ತದೆ. ‘ವಿಂಡೋಸ್‌ನಲ್ಲಿ ಆಗುತ್ತದೆ, ಲಿನಕ್ಸ್‌ನಲ್ಲಿ ಆಗುವುದಿಲ್ಲ’ ಎಂಬ ದೂರಿಗೆ ಹಲವು ಸಲ ಇಷ್ಟೇ ಕಾರಣ.

ಹಿಂದೆ ಮೋಡೆಮ್‌ಮ್ಯಾನೇಜರ್ ಕೂಡ ಕೆಲವು ಕಾರ್ಡುಗಳ ಬೀಗವನ್ನು ತಾನೇ ತೆಗೆಯುತ್ತಿತ್ತು. 1.18.4 ಆವೃತ್ತಿಯಿಂದ ಅದನ್ನು ನಿಲ್ಲಿಸಿ, ನಿರ್ಧಾರವನ್ನು ಬಳಕೆದಾರರಿಗೆ ಬಿಟ್ಟಿತು. ಹಾಗಾಗಿ ಡಿಸ್ಟ್ರೊ ಅಪ್‌ಡೇಟ್ ಆದ ಮರುದಿನ ಚೆನ್ನಾಗಿದ್ದ ಕಾರ್ಡು ಸತ್ತಂತೆ ಕಂಡ ಪ್ರಸಂಗಗಳಿಗೆ ಲೆಕ್ಕವಿಲ್ಲ. ಬೀಗ ತೆಗೆಯುವ ಸ್ಕ್ರಿಪ್ಟುಗಳು ಜೊತೆಯಲ್ಲೇ ಬರುತ್ತವೆ: /ಯುಎಸ್‌ಆರ್/ಶೇರ್ ಅಡಿಯ ಮೋಡೆಮ್‌ಮ್ಯಾನೇಜರ್ ಕಡತಕೋಶದಲ್ಲಿ ‘ಎಫ್‌ಸಿಸಿ-ಅನ್‌ಲಾಕ್.ಅವೈಲಬಲ್.ಡಿ’ ಎಂಬಲ್ಲಿ. ಒಂದೊಂದಕ್ಕೂ ಕಾರ್ಡಿನ ಯುಎಸ್‌ಬಿ ಅಥವಾ ಪಿಸಿಐ ಗುರುತೇ ಹೆಸರು. ಸಿಯೆರಾ ಕಂಪನಿಯ ಇಎಂ7455 ಕಾರ್ಡಿನ ಲೆನೊವೊ ಮಾದರಿ ಆದರೆ 1199:9079. ನಿಮ್ಮ ಕಾರ್ಡಿನ ಗುರುತಿನ ಸ್ಕ್ರಿಪ್ಟಿಗೆ /ಇಟಿಸಿ ಅಡಿಯ ಮೋಡೆಮ್‌ಮ್ಯಾನೇಜರ್ ಕಡತಕೋಶದ ‘ಎಫ್‌ಸಿಸಿ-ಅನ್‌ಲಾಕ್.ಡಿ’ಯಲ್ಲಿ ಅದೇ ಹೆಸರಿನ ಸಾಂಕೇತಿಕ ಕೊಂಡಿ (ಸಿಮ್‌ಲಿಂಕ್) ಮಾಡಬೇಕು. ಸ್ಕ್ರಿಪ್ಟಿನ ಒಡೆತನ ರೂಟ್‌ನದಾಗಿರಬೇಕು, ಬೇರೆಯವರು ಬರೆಯುವಂತಿರಬಾರದು, ಕಾರ್ಯಗತವಾಗುವ ಅನುಮತಿ ಇರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಮೋಡೆಮ್‌ಮ್ಯಾನೇಜರ್ ಅದನ್ನು ಓಡಿಸದು. ನಿಮ್ಮ ಗುರುತಿನ ಸ್ಕ್ರಿಪ್ಟೇ ಇಲ್ಲದಿದ್ದರೆ ಲ್ಯಾಪ್‌ಟಾಪ್ ತಯಾರಕರು ಲಿನಕ್ಸ್‌ಗೆಂದು ಪ್ರತ್ಯೇಕ ಅನ್‌ಲಾಕ್ ಪ್ರೋಗ್ರಾಂ ಬಿಟ್ಟಿದ್ದಾರೆಯೇ ಎಂದು ನೋಡಬೇಕು. ಸಿಕ್ಕ ಸಿಕ್ಕ ಎಟಿ ಆಜ್ಞೆಗಳನ್ನು ಕಾರ್ಡಿನ ಮೇಲೆ ಎರಚುವುದು ಮಾತ್ರ ಬೇಡ. ಶಾಶ್ವತವಾಗಿ ಬರೆಯುವ ಆಜ್ಞೆಗಳೂ ಅವುಗಳಲ್ಲಿ ಇರುತ್ತವೆ.

ಬೀಗ ತೆರೆದಮೇಲೆ ಮಾತು ನೆಟ್‌ವರ್ಕಿನ ಕಡೆಗೆ ತಿರುಗುತ್ತದೆ. ಸ್ಟೇಟ್ ‘ಸರ್ಚಿಂಗ್’ನಿಂದ ‘ರಿಜಿಸ್ಟರ್ಡ್’ಗೆ ಬರಬೇಕು. ಬರದಿದ್ದರೆ ಕಾರ್ಡು ಆಡುವ ಬ್ಯಾಂಡುಗಳೂ ನಿಮ್ಮ ನೆಟ್‌ವರ್ಕಿನ ಬ್ಯಾಂಡುಗಳೂ ಹೊಂದುತ್ತವೆಯೇ ನೋಡಿ. 3ಜಿ ಮಾತ್ರ ಬಲ್ಲ ಹಳೆಯ ಕಾರ್ಡಿಗೆ, 3ಜಿ ಮುಚ್ಚಿದ ನೆಟ್‌ವರ್ಕಿನಲ್ಲಿ ಯಾವ ಸಂರಚನೆಯೂ ಜೀವ ಕೊಡದು. ‘ಡಿನೈಡ್’ ಎಂದು ಬಂದರೆ ಟವರ್ ಕೇಳಿಸಿಕೊಂಡಿದೆ, ಬೇಡ ಎಂದಿದೆ. ಸಿಮ್ ಸಕ್ರಿಯವಾಗಿದೆಯೇ, ಯೋಜನೆ ಫೋನಿಗೆ ಮಾತ್ರವೇ ಎಂಬುದರ ಜೊತೆಗೆ ಇಲ್ಲಿ ಎಪಿಎನ್ (ನೆಟ್‌ವರ್ಕಿನ ಡೇಟಾ ಬಾಗಿಲಿನ ಹೆಸರು) ಕೂಡ ಕಾರಣವಾಗಬಹುದು. ಇದು ಅನೇಕರಿಗೆ ಅಚ್ಚರಿ ತರುತ್ತದೆ. 3ಜಿ ಕಾಲದಲ್ಲಿ ಎಪಿಎನ್ ಬೇಕಾಗುತ್ತಿದ್ದದ್ದು ಡೇಟಾ ಸಂಪರ್ಕ ಕೇಳುವಾಗ. 4ಜಿಯಲ್ಲಿ ನೋಂದಣಿಯಾಗುವ ಹೊತ್ತಿಗೇ ಒಂದು ಮೂಲ ಸಂಪರ್ಕ ಹುಟ್ಟುತ್ತದೆ, ಅದಕ್ಕೂ ಎಪಿಎನ್ ಇದೆ. ಹಿಂದಿನ ಮಾಲೀಕರ ಕಂಪನಿಯ ಎಪಿಎನ್ ಕಾರ್ಡಿನಲ್ಲೇ ಉಳಿದಿದ್ದರೆ ನೋಂದಣಿಯೇ ಬೀಳಬಹುದು. ‘3ಜಿಪಿಪಿ-ಸೆಟ್-ಇನಿಶಿಯಲ್-ಇಪಿಎಸ್-ಬೇರರ್-ಸೆಟ್ಟಿಂಗ್ಸ್’ ಎಂಬ ಉದ್ದನೆಯ ಆಯ್ಕೆ ಇರುವುದು ಅದನ್ನು ತಿದ್ದುವುದಕ್ಕೆ. ಹಳೆಯ ಸರಕಿನ ಕಾರ್ಡು ಕೊಂಡವರು ಇದನ್ನು ಮೊದಲೇ ನೋಡಿಬಿಡುವುದು ಒಳ್ಳೆಯದು.

ಸಿಗ್ನಲನ್ನು ಶೇಕಡಾ ಲೆಕ್ಕದಲ್ಲಿ ನಂಬಬೇಡಿ. ‘ಸಿಗ್ನಲ್-ಸೆಟಪ್’ಗೆ 5 ಎಂದು ಕೊಟ್ಟರೆ ಐದು ಸೆಕೆಂಡಿಗೊಮ್ಮೆ ಅಳೆಯುತ್ತದೆ, ‘ಸಿಗ್ನಲ್-ಗೆಟ್’ ಎಂದರೆ ಅಂಕಿ ಕೊಡುತ್ತದೆ. ಟವರ್ ಸಿಗ್ನಲಿನ ಬಲ ಹೇಳುವ ಆರ್‌ಎಸ್‌ಆರ್‌ಪಿ ಎಂಬುದು ಮೈನಸ್ 90 ಡಿಬಿಎಂಗಿಂತ ಮೇಲಿದ್ದರೆ ಚೆನ್ನ, ಮೈನಸ್ 110ಕ್ಕಿಂತ ಕೆಳಗೆ ಹೋದರೆ ತೊಂದರೆ. ಒಂದು ಆಂಟೆನಾ ತಂತಿ ಕಳಚಿದ್ದರೆ ಪಕ್ಕದ ಫೋನಿಗಿಂತ ಇಪ್ಪತ್ತು ಡಿಬಿ ಕಡಿಮೆ ಕಾಣುವುದು ವಿಶೇಷವಲ್ಲ.

ಸಂಪರ್ಕದ ಪ್ರೊಫೈಲನ್ನು ನೆಟ್‌ವರ್ಕ್‌ಮ್ಯಾನೇಜರಿನ ಎನ್‌ಎಂಸಿಎಲ್‌ಐನಲ್ಲಿ ಮಾಡುವಾಗ ಬಗೆ ‘ಜಿಎಸ್‌ಎಂ’ ಎಂದಿರಬೇಕು, 4ಜಿ ಆದರೂ 5ಜಿ ಆದರೂ ಅದೇ ಹೆಸರು. ಇಂಟರ್‌ಫೇಸ್ ಹೆಸರಿಗೆ ‘ಡಬ್ಲ್ಯುವ್ಯಾನ್0’ ಎಂದು ಬರೆದರೆ ಪ್ರೊಫೈಲ್ ಎಂದಿಗೂ ಹೊತ್ತಿಕೊಳ್ಳದು. ಅಲ್ಲಿ ಬೇಕಾದದ್ದು ಮೋಡೆಮ್‌ನ ನಿಯಂತ್ರಣ ಪೋರ್ಟು, ಸಾಮಾನ್ಯವಾಗಿ ‘ಸಿಡಿಸಿ-ಡಬ್ಲ್ಯುಡಿಎಂ0’. ನಕ್ಷತ್ರ ಚಿಹ್ನೆ ಹಾಕಿಬಿಟ್ಟರೆ ಈ ಗೋಜೇ ಇಲ್ಲ. ಎಪಿಎನ್ ಅನ್ನು ಅದೇ ಸಿಮ್ ಹಾಕಿದ ಫೋನಿನಿಂದ ಅಕ್ಷರ ಬಿಡದೆ ನಕಲು ಮಾಡಿ. ಸಿದ್ಧ ಪಟ್ಟಿಯಿಂದ ಆರಿಸಿದ್ದು ಹಳತಾಗಿರಬಹುದು. ಸಂಪರ್ಕವಾಗಿ ಚಿಕ್ಕ ಪುಟಗಳು ತೆರೆದು ದೊಡ್ಡವು ಅರ್ಧಕ್ಕೆ ನಿಂತರೆ ಎಂಟಿಯುವನ್ನು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) 1400ಕ್ಕೆ ಇಳಿಸಿ ನೋಡಿ. ಹೊರಗಿನಿಂದ ಲ್ಯಾಪ್‌ಟಾಪಿಗೆ ಬರಲಾಗದಿದ್ದರೆ ಅದು ದೋಷವಲ್ಲ. ಮೊಬೈಲ್ ನೆಟ್‌ವರ್ಕುಗಳು ಸಾಮಾನ್ಯವಾಗಿ ಒಂದೇ ಐಪಿವಿ4 ವಿಳಾಸವನ್ನು ಅನೇಕರಿಗೆ ಹಂಚಿರುತ್ತವೆ. ಪ್ರೊಫೈಲಿನಲ್ಲಿ ‘ಮೀಟರ್ಡ್’ ಎಂಬುದನ್ನು ‘ಎಸ್’ ಮಾಡಿ, ಅದನ್ನು ಗೌರವಿಸುವ ಪ್ರೋಗ್ರಾಂಗಳು ಹಿನ್ನೆಲೆಯ ಡೌನ್‌ಲೋಡ್ ನಿಲ್ಲಿಸುತ್ತವೆ. ವೈ-ಫೈ ಇದ್ದಾಗ ದಾರಿ ತಾನಾಗಿ ಅದಕ್ಕೇ ಹೋಗುತ್ತದೆ: ನೆಟ್‌ವರ್ಕ್‌ಮ್ಯಾನೇಜರ್ ಕೊಡುವ ಮೆಟ್ರಿಕ್ ಕೇಬಲಿಗೆ 100, ವೈ-ಫೈಗೆ 600, ಮೊಬೈಲಿಗೆ 700, ಸಣ್ಣ ಸಂಖ್ಯೆಗೆ ಆದ್ಯತೆ.

ಉಳಿದದ್ದು ನಿದ್ದೆ. ಮುಚ್ಚಳ ಮುಚ್ಚಿ ತೆರೆದಮೇಲೆ ಮೋಡೆಮ್ ಮಾಯವಾಯಿತು ಎಂದು ಹೇಳುವ ಮುನ್ನ ಅರ್ಧ ನಿಮಿಷ ಕಾಯಿರಿ. ಮೋಡೆಮ್‌ಮ್ಯಾನೇಜರ್ ನಿದ್ದೆಗೆ ಹೋಗುವಾಗ ಮೋಡೆಮ್ಮನ್ನು ಪಟ್ಟಿಯಿಂದ ತೆಗೆದು, ಎದ್ದಮೇಲೆ ಹೊಸದಾಗಿ ಪರಿಚಯ ಮಾಡಿಕೊಳ್ಳುತ್ತದೆ; ಹಾಗಾಗಿ 0 ಇದ್ದ ಸಂಖ್ಯೆ 1 ಆಗುತ್ತದೆ, ಆಮೇಲೆ 2. ಸ್ಕ್ರಿಪ್ಟುಗಳಲ್ಲಿ 0 ಎಂದು ಬರೆದಿಟ್ಟರೆ ಎರಡನೆಯ ಸಲ ಮುರಿಯುತ್ತವೆ, ‘ಎನಿ’ ಎಂದೇ ಬರೆಯಬೇಕು. ನಿಜಕ್ಕೂ ಎಲ್‌ಎಸ್‌ಯುಎಸ್‌ಬಿಯಲ್ಲೂ ಇಲ್ಲದಿದ್ದರೆ ವಿದ್ಯುತ್ ಉಳಿಸುವ ಪ್ರೋಗ್ರಾಂ ಅದನ್ನು ಮಲಗಿಸಿರಬಹುದು. ಟಿಎಲ್‌ಪಿ ಎಂಬ ಅಂಥ ಪ್ರೋಗ್ರಾಂ ಬಳಸುವವರು ಅದರ ಸಂರಚನೆಯಲ್ಲಿ ‘ಯುಎಸ್‌ಬಿ-ಎಕ್ಸ್‌ಕ್ಲೂಡ್-ಡಬ್ಲ್ಯುವ್ಯಾನ್’ ಸಾಲನ್ನು 1 ಮಾಡಬೇಕು (ಕಡತದಲ್ಲಿ ಅಡ್ಡಗೆರೆಗಳ ಜಾಗದಲ್ಲಿ ಅಡಿಗೆರೆಗಳಿರುತ್ತವೆ). ಪಿಸಿಐಇ ಕಾರ್ಡು ಎದ್ದಮೇಲೆ ಉತ್ತರಿಸದಿದ್ದರೆ ಸಿಸ್‌ಎಫ್‌ಎಸ್‌ನಲ್ಲಿ (/ಸಿಸ್ ಅಡಿಯ ಕಡತಗಳಲ್ಲಿ) ಆ ಸಾಧನದ ‘ರಿಮೂವ್’ ಕಡತಕ್ಕೆ 1 ಬರೆದು, ನಂತರ ಪಿಸಿಐ ‘ರೀಸ್ಕ್ಯಾನ್’ ಕಡತಕ್ಕೆ 1 ಬರೆದರೆ ಪೂರ್ತಿ ಮರುಬೂಟ್ ಇಲ್ಲದೆ ಹಲವು ಸಲ ಮರಳಿ ಬರುತ್ತದೆ. ಎಫ್‌ಸಿಸಿ ಬೀಗ ಇರುವ ಕಾರ್ಡು ಹೀಗೆ ಮರಳಿದಾಗ ಮತ್ತೆ ಬೀಗ ಹಾಕಿಕೊಂಡೇ ಬರುತ್ತದೆ. /ಇಟಿಸಿಯಲ್ಲಿ ಕೊಂಡಿ ಸರಿಯಾಗಿದ್ದರೆ ಮೋಡೆಮ್‌ಮ್ಯಾನೇಜರ್ ಅದನ್ನು ಪ್ರತಿ ಸಲವೂ ತೆಗೆಯುತ್ತದೆ. ಕೈಯಾರೆ ಒಮ್ಮೆ ಆಜ್ಞೆ ಓಡಿಸಿ ತೆಗೆದಿದ್ದವರಿಗೆ ಮಾತ್ರ ಮತ್ತೆ ‘ಲೋ’ ಎಂಬ ಸಾಲೇ ಕಾಣುತ್ತದೆ.